ಅವ್ವನಿಗೆ ಬರಲಾರದ ಅಡಿಗೆ

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಈಚೆಗೆ ಒಂದು ಕೆಂಪು ಗಾಡಿ ಬಂದು ನಿಂತಿದೆ. ಅದರ ಹಣೆಯ ಮೇಲೆ ಬಾಯಿಂದ ಬೆಂಕಿ ಉಗುಳುವ ಒಂದು ಪ್ರಾಣಿಯ ಚಿತ್ರವಿದೆ. ಬರೆದವನು ಇಲ್ಲಿಯ ಪೇಂಟರೇ ಇರಬೇಕು. ಪ್ರಾಣಿಯ ಮೈ ಹಾವಿನದಾದರೂ ಮುಖ ಎತ್ತಿನದು. ಬಾಲದ ತುದಿಗೆ ಏನು ಮಾಡಬೇಕೆಂದು ತಿಳಿಯದೆ ಒಂದು ಗೊಂಡೆ ಕಟ್ಟಿಬಿಟ್ಟಿದ್ದಾನೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಚೈನೀಸ್' ಎಂದಿದೆ. ಹೊತ್ತು ಇಳಿಯುತ್ತಲೇ ಗಾಡಿಯವ ಕಡಾಯಿಗೆ ಕಬ್ಬಿಣದ ಸೌಟು ಬಡಿಯತೊಡಗುತ್ತಾನೆ. ದೂರದಿಂದ ಕೇಳಿದರೆ ಅಡಿಗೆ ನಡೆದಿದೆ ಅನಿಸುವುದಿಲ್ಲ, ಪಾತ್ರೆಗೆ ಕಲಾಯಿ ಹಾಕುವವರು ಬಂದಿದ್ದಾರೆ ಅನಿಸುತ್ತದೆ. ಕರಜಗಿ ಕಡೆಯಿಂದ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರಿನ ಹುಡುಗರು ಸುತ್ತ ನಿಂತು, ಕೈಯಲ್ಲಿ ತಾಟು ಹಿಡಿದು, ಉದ್ದುದ್ದ ಎಳೆಗಳನ್ನು ಸೊರ್ರೆಂದು ಎಳೆಯುತ್ತಿರುತ್ತಾರೆ.

ನಾನು ಈ ಊರಿನ ಹೈಸ್ಕೂಲಿನ ಹೆಡ್ ಮಾಸ್ತರ. ಹೆಡ್ ಮಾಸ್ತರನಾದವನು ಹಾದಿಯ ಮೇಲೆ ನಿಂತು ತಿನ್ನುವುದು ಶಿಕ್ಷಣ ಇಲಾಖೆಗೆ ಶೋಭೆ ತರುವಂಥದ್ದಲ್ಲ. ಆದ್ದರಿಂದ ನಾನು ಬಸ್ಸಿಗೆ ಕಾಯುವವನಂತೆ ಗಾಡಿಯ ಗಾಳಿ ಬೀಸುವ ಕಡೆಗೆ ಮುಖ ಮಾಡಿ ನಿಲ್ಲುತ್ತೇನೆ, ಅಷ್ಟೇ. ಬಸ್ಸು ಬಂದರೂ ಹತ್ತುವುದಿಲ್ಲ ಎಂದು ನನ್ನ ಹೆಂಡತಿಯ ಆಪಾದನೆ. ಅದಕ್ಕೆ ಸಾಕ್ಷಿ ಇಲ್ಲ.

ಆ ಗಾಳಿಯಲ್ಲಿ ಮೊದಲು ಬರುವುದು ಶಿರ್ಕಾದ ಹುಳಿ ವಾಸನೆ. ನೀವು ವಿನೆಗರ್ ಅನ್ನುತ್ತೀರಿ. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಓದಿದ ನಮ್ಮ ಅಪ್ಪ ಶಿರ್ಕಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಎದೆ ಒಮ್ಮೆ ಢವ್ ಎನ್ನುತ್ತದೆ. ಆಮೇಲೆ, ಆಯಿತಲ್ಲ, ಎಲ್ಲ ಮುಗಿದು ಹೋಗಿದೆಯಲ್ಲ ಎಂದು ತಾನಾಗಿ ಹಗುರಾಗುತ್ತದೆ. ಯಾರದೋ ಮೇಲೆ ಬರಬೇಕಾಗಿದ್ದ ಒಂದು ದೊಡ್ಡ ಗಂಡಾಂತರ ಒಂದು ಕಡಾಯಿಯಷ್ಟು ನೂಡಲ್ಸಿನಲ್ಲಿ ಕರಗಿ ಹೋದದ್ದನ್ನು ಕಣ್ಣಾರೆ ನೋಡಿದವನಿಗೆ ಮಾತ್ರ ಇಂಥ ಅನುಭವವಾಗುತ್ತದೆ. ನನಗೆ ಆಗಿದೆ. ಆದ್ದರಿಂದ ಹೇಳುತ್ತೇನೆ, ಕೇಳಿ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನಾಗ ಜೇವರ್ಗಿಯಲ್ಲಿ ಮಾಸ್ತರ. ನಮ್ಮ ಮನೆ ಆಳಂದದಲ್ಲಿ. ಅಲ್ಲಿ ಅಪ್ಪ, ಅವ್ವ ಮತ್ತು ತಂಗಿ ಮಹಾದೇವಿ. ಅಪ್ಪ ತೊಗರಿ ವ್ಯಾಪಾರಿ. ಒಂದು ಮುಷ್ಟಿ ತೊಗರಿ ಎತ್ತಿ, ಅದನ್ನು ಇನ್ನೊಂದು ಅಂಗೈಗೆ ಸುರಿದು, ಸುರಿಯುವ ಸದ್ದು ಕೇಳಿಯೇ ಅದು ಯಾವ ಹೊಲದ್ದು ಎಂದು ಹೇಳುತ್ತಾರೆಂದು ಊರಲ್ಲಿ ಪ್ರತೀತಿ ಇತ್ತು. ಅವರು ಯಾವ ಹೊಲದ ಹೆಸರು ಹೇಳಿದರೂ ರೈತರು ಹೌದ್ರಿ ಅನ್ನುತ್ತಿದ್ದುದರಿಂದ ಆ ಪ್ರತೀತಿಗೆ ಎಂದೂ ಧಕ್ಕೆ ಬರಲಿಲ್ಲ. ಮನೆಯಲ್ಲಿಯೂ ಹಾಗೆಯೇ. ಅಪ್ಪ ಕಡಿಮೆ ಮಾತಿನವರು. ಅವರ ಮಾತು ಕಡಿಮೆಯಾದಷ್ಟೂ ಉಳಿದವರ ಎದೆಬಡಿತ ಜಾಸ್ತಿ.

ಮಹಾದೇವಿ ಆ ವರ್ಷ ಪಿಯುಸಿ ಪಾಸಾಗಿದ್ದಳು. ಗುಲಬರ್ಗಾಕ್ಕೆ ಹೋಗಿ, ಹಾಸ್ಟೆಲಿನಲ್ಲಿದ್ದು, ಗೃಹವಿಜ್ಞಾನದ ಡಿಗ್ರಿ ಮಾಡಬೇಕೆಂಬುದು ಅವಳ ಆಸೆ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಊರು ಬಿಟ್ಟು ಹೋಗುವುದಕ್ಕೆ ಅಲ್ಲಿಯವರೆಗೆ ಎರಡೇ ಕಾರಣಗಳಿದ್ದವು, ಒಂದು ಮದುವೆ, ಇನ್ನೊಂದು ಬಾಣಂತನ. ಓದು ಎಂಬ ಮೂರನೆಯ ಕಾರಣ ಹೊಸದು. ಅವಳು ಒಂದು ದಿನ ಧೈರ್ಯ ಮಾಡಿ ಪಡಸಾಲೆಯಲ್ಲಿ ಅಪ್ಪನ ಮುಂದೆ ನಿಂತು ವಿಷಯ ಹೇಳಿದಳು. ಅಪ್ಪ ಕೇಳಿದರು, ಅದರಲ್ಲಿ ಏನು ಕಲಿಸುತ್ತಾರೆ ಎಂದು. ಇವಳು, ಬೇರೆ ಎಷ್ಟೋ ಇರುವಾಗ, ಗಾಬರಿಯಲ್ಲಿ ಮೊದಲಿಗೆ ಅಡಿಗೆ ಎಂದಳು.

"ಅಡಗಿ ಕಲೀಲಿಕ್ಕೆ ಗುಲಬರ್ಗಾಕ್ಕ್ಯಾಕ ಹೋಗಬೇಕು? ನಮ್ಮ ಮನ್ಯಾಗ ಒಲಿ ಇಲ್ಲೇನು?" ಎಂದರು ಅಪ್ಪ.

ಅವಳು ತಿದ್ದಿಕೊಂಡು ಆಹಾರದ ಸತ್ವ, ಬಟ್ಟೆಯ ನೇಯ್ಗೆ, ಕೂಸಿನ ಬೆಳವಣಿಗೆ ಎಂದೆಲ್ಲ ಹೇಳಿದಳು. ಅಪ್ಪ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಅದೂ ನಿಮ್ಮವ್ವನಿಗೆ ಬರುತ್ತದೆ, ನೀವಿಬ್ಬರೂ ಬೆಳೆದಿರುವುದೇ ಅದಕ್ಕೆ ರುಜುವಾತು ಎಂದರು. ನಾನು ಮಧ್ಯೆ ಬಾಯಿ ಹಾಕಿ, ಕಾಲ ಬದಲಾಗಿದೆ ಎಂಬ ಅರ್ಥದ ಒಂದು ಭಾಷಣ ಶುರು ಮಾಡಿದೆ. ಅಪ್ಪ ನನ್ನ ಕಡೆ ನೋಡಿದರು. ನನಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಯಿತು.

ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು. ವ್ಯಾಪಾರದಲ್ಲಿ ಬೇಡ ಅನ್ನಬೇಕಾದಾಗ ಅವರು ಬೇಡ ಅನ್ನುತ್ತಿರಲಿಲ್ಲ, ಯಾರಿಂದಲೂ ಪೂರೈಸಲಾಗದ ಒಂದು ಷರತ್ತು ಹಾಕುತ್ತಿದ್ದರು.

"ನಿಮ್ಮವ್ವಗ ಬರಲಾರದ್ದು ಒಂದು ಅಡಗಿ ಮಾಡಿ ತೋರಸು. ಅಕಿ ಕೈ ಹಚ್ಚಬಾರ್ದು. ಆಮ್ಯಾಲ ಗುಲಬರ್ಗಾದ ಮಾತು."

ಅವ್ವನಿಗೆ ಬರಲಾರದ ಅಡಿಗೆ. ಇದರ ತೂಕ ನಿಮಗೆ ತಿಳಿಯಬೇಕಾದರೆ ಅವ್ವನ ಕೈ ನಿಮಗೆ ಗೊತ್ತಿರಬೇಕು. ಜೋಳದ ರೊಟ್ಟಿ ಬಡಿದರೆ ಚಂದ್ರನಂತೆ ಎಂದು ಹೇಳುವುದು ವಾಡಿಕೆ. ನಾನು ಹಾಗೆ ಹೇಳುವುದಿಲ್ಲ, ಚಂದ್ರನ ಅಂಚು ಅಷ್ಟು ತೆಳ್ಳಗಿಲ್ಲ. ಹೋಳಿಗೆ, ಕಡಬು, ಪುಂಡಿ ಪಲ್ಯ, ಶೇಂಗಾ ಹಿಂಡಿ, ಬಾನ, ಹುಗ್ಗಿ ಇವುಗಳಲ್ಲಿ ಯಾವುದನ್ನು ಮಾಡಿ ಅವ್ವನಿಗೆ ಬರುವುದಿಲ್ಲ ಎಂದು ಸಾಧಿಸುವುದು? ಅಪ್ಪ ಪಾಟೀಸವಾಲು ಗೆದ್ದ ವಕೀಲರಂತೆ ಟೋಪಿ ಹಾಕಿಕೊಂಡು ಅಂಗಡಿಗೆ ಹೋದರು.

ಆದರೆ ಮಹಾದೇವಿ ಆ ಬೇಸಿಗೆಯನ್ನು ಸೋಲಾಪುರದ ನಮ್ಮ ಸೋದರತ್ತೆಯ ಮನೆಯಲ್ಲಿ ಕಳೆದು ಬಂದಿದ್ದಳು. ಸೋಲಾಪುರ ನಮ್ಮ ಪಾಲಿಗೆ ಲಂಡನ್ನು. ಅಲ್ಲಿ ಅತ್ತೆಯ ಮನೆಯಲ್ಲಿ ಗ್ಯಾಸಿನ ಒಲೆ ಇತ್ತು, ಪಕ್ಕದ ಮನೆಯಲ್ಲಿ ಒಬ್ಬ ಪಂಜಾಬಿ ಹೆಂಗಸಿದ್ದಳು, ಆ ಪಂಜಾಬಿ ಹೆಂಗಸಿಗೆ ಚೀನಾದವರ ನೂಡಲ್ಸ್ ಮಾಡಲು ಬರುತ್ತಿತ್ತು. ಚೀನಾದಿಂದ ಪಂಜಾಬಿಗೆ, ಪಂಜಾಬಿನಿಂದ ಸೋಲಾಪುರಕ್ಕೆ, ಸೋಲಾಪುರದಿಂದ ಆಳಂದಕ್ಕೆ ಹೀಗೆ ವಿದ್ಯೆ ಹರಿದು ಬಂದಿತ್ತು. ಬೌದ್ಧ ಭಿಕ್ಷುಗಳು ಬಂದ ಹಾದಿಯೂ ಇಷ್ಟು ಸುತ್ತಿನದಾಗಿರಲಿಲ್ಲ.

ರವಿವಾರ ಮಧ್ಯಾಹ್ನ ಪರೀಕ್ಷೆ ಎಂದು ನಿಶ್ಚಯವಾಯಿತು. ಸಾಮಾನು ತರುವ ಹೊಣೆ ನನ್ನದು. ಶನಿವಾರ ಶಾಲೆ ಬಿಟ್ಟ ಮೇಲೆ ಜೇವರ್ಗಿಯಿಂದ ಗುಲಬರ್ಗಾಕ್ಕೆ ಬಂದು, ಬಜಾರಿನಲ್ಲಿ ಕ್ಯಾಬೇಜು, ಗಜ್ಜರಿ, ಡಬ್ಬು ಮೆಣಸಿನಕಾಯಿ ಕೊಂಡೆ. ದೊಡ್ಡ ಕಿರಾಣಿ ಅಂಗಡಿಯೊಂದರಲ್ಲಿ ಶಿರ್ಕಾ ಸಿಕ್ಕಿತು. ಸೋಯಾ ಸಾಸ್ ಎಂಬ ಕಪ್ಪು ದ್ರವದ ಬಾಟಲಿ ಸಿಕ್ಕಿತು. ನೂಡಲ್ಸಿನ ಪಾಕೀಟೂ ಸಿಕ್ಕಿತು. ಸಿಕ್ಕಿತು ಎನ್ನುವಷ್ಟರಲ್ಲಿ ಅದರ ಮೇಲಿನ ಚಿತ್ರ ನೋಡಿದೆ. ಒಂದು ಬಟ್ಟಲು ತುಂಬ ನೂಡಲ್ಸು, ಅದರ ನೆತ್ತಿಯ ಮೇಲೆ ಅರ್ಧಕ್ಕೆ ಕೊಯ್ದ ಒಂದು ತತ್ತಿ. ನಮ್ಮದು ಲಿಂಗ ಕಟ್ಟಿದ ಮನೆ. ತತ್ತಿ ಹಾಗಿರಲಿ, ತತ್ತಿ ಇಟ್ಟ ಕೋಳಿ ಅಂಗಳಕ್ಕೆ ಬಂದರೂ ಅವ್ವ ನೀರು ಹೊಡೆದು ಸಾರಿಸುತ್ತಿದ್ದಳು. ಅಂಗಡಿಯವನು, ಒಳಗೆ ತತ್ತಿ ಇಲ್ರಿ ಸರ್, ಬರೇ ಚಿತ್ರ ಎಂದು ಪರಿಪರಿಯಾಗಿ ಹೇಳಿದ. ಒಳಗೆ ಇಲ್ಲದ್ದನ್ನು ಹೊರಗೆ ಯಾಕೆ ಬರೆಯುತ್ತಾರೆ ಎಂದು ನಾನು ವಾದಿಸಿದೆ. ಮಾಸ್ತರ ಜೊತೆ ವಾದ ಮಾಡಬಾರದೆಂದು ಅವನು ಪಾಕೀಟು ಮೇಲಿಟ್ಟ. ನಾನು ಕುಲಾಚಾರ ಕಾಪಾಡಿದ ತೃಪ್ತಿಯಲ್ಲಿ, ನೂಡಲ್ಸು ಒಂದನ್ನು ಬಿಟ್ಟು ನೂಡಲ್ಸಿಗೆ ಬೇಕಾದ ಎಲ್ಲವನ್ನೂ ತೆಗೆದುಕೊಂಡು ಆಳಂದದ ಬಸ್ಸು ಹತ್ತಿದೆ.

ಆ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯವನು ಬಾಟಲಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟಿದ್ದ. ಶನಿವಾರದ ಸಂಜೆಯ ಬಸ್ಸಿನಲ್ಲಿ, ಪೇಪರು ಸುತ್ತಿದ ಬಾಟಲಿಯನ್ನು ಎದೆಗೆ ಅವಚಿಕೊಂಡು ಕುಳಿತ ಮನುಷ್ಯನನ್ನು ನಮ್ಮ ಕಡೆಯ ಜನ ಒಂದೇ ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಅದರಲ್ಲೂ ಶಿರ್ಕಾದ ಮುಚ್ಚಳ ಸಡಿಲಾಗಿತ್ತು. ಪಕ್ಕದಲ್ಲಿದ್ದ ಹಿರಿಯರು ಮೂಗು ಮುಚ್ಚಿಕೊಂಡು ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಮೂರನೆಯವರಾಗಿ ಕುಳಿತರು. ನನ್ನ ಹಳೆಯ ವಿದ್ಯಾರ್ಥಿಯ ತಂದೆಯೊಬ್ಬರು ನನ್ನನ್ನು ನೋಡಿ, ನಮಸ್ಕಾರ ಮಾಡಲು ಎತ್ತಿದ ಕೈಯನ್ನು ಹಾಗೇ ತಲೆ ಕೆರೆದುಕೊಳ್ಳಲು ಬಳಸಿಕೊಂಡರು. ಇದು ಚೀನಾದವರ ಸಾರು ಎಂದು ನಾನು ಬಸ್ಸಿಗೆಲ್ಲ ಕೇಳುವಂತೆ ಹೇಳಬಹುದಿತ್ತು. ಹೇಳಿದ್ದರೆ ಮಾಸ್ತರರಿಗೆ ಆಗಲೇ ಏರಿದೆ ಎನ್ನುತ್ತಿದ್ದರು.

ಮನೆಗೆ ಬಂದು, ನೂಡಲ್ಸು ಯಾಕೆ ತರಲಿಲ್ಲ ಎಂಬುದನ್ನು ಧರ್ಮಸೂಕ್ಷ್ಮಸಹಿತ ವಿವರಿಸಿದೆ. ಮಹಾದೇವಿ ನನ್ನನ್ನು ಬಹಳ ಹೊತ್ತು ನೋಡಿದಳು. ನಂತರ ಅಟ್ಟ ಹತ್ತಿ, ಶಾವಿಗೆಯ ಡಬ್ಬಿ ಇಳಿಸಿಕೊಂಡು ಬಂದಳು.

ಶಾವಿಗೆಯ ಮಾತು ಬಂತೆಂದರೆ ನಾನು ಒಂದು ಕ್ಷಣ ಹಾದಿ ಬಿಡಬೇಕಾಗುತ್ತದೆ, ಕ್ಷಮಿಸಬೇಕು. ನಮ್ಮ ಕಡೆ ಬೇಸಿಗೆ ಎಂದರೆ ಬಿಸಿಲಲ್ಲ, ಶಾವಿಗೆ. ಹೊರಸಿನ ಅಂಚಿಗೆ ಹಿತ್ತಾಳೆಯ ಯಂತ್ರ ಬಿಗಿದು, ಓಣಿಯ ಹೆಂಗಸರೆಲ್ಲ ಸೇರಿ ಒಬ್ಬರ ಮನೆಯದಾದ ಮೇಲೆ ಒಬ್ಬರ ಮನೆಯ ಶಾವಿಗೆ ಹೊಸೆಯುತ್ತಿದ್ದರು. ಒಬ್ಬಳು ಕಣಕ ತುಂಬಿದರೆ ಇನ್ನೊಬ್ಬಳು ಹಿಡಿಕೆ ತಿರುಗಿಸುತ್ತಿದ್ದಳು. ಮೂರನೆಯವಳು ಕೆಳಗೆ ಇಳಿಯುವ ಎಳೆಗಳನ್ನು ಕೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ಹಗ್ಗಕ್ಕೆ ಹಾಕುತ್ತಿದ್ದಳು. ನಾಲ್ಕನೆಯವಳಿಗೆ ಊರ ಸುದ್ದಿ ಹೇಳುವ ಕೆಲಸ. ಅವಳು ಬರದಿದ್ದರೆ ಆ ದಿನ ಎಳೆ ಹರಿಯುತ್ತಿತ್ತು. ನಮ್ಮಂಥ ಹುಡುಗರನ್ನು ಕಾಗೆ ಕಾಯಲು ಕೂಡಿಸುತ್ತಿದ್ದರು. ಕಾಗೆಗಳು ತಿಂದದ್ದಕ್ಕಿಂತ ಹೆಚ್ಚು ಹಸಿ ಶಾವಿಗೆಯನ್ನು ನಾವು ತಿನ್ನುತ್ತಿದ್ದೆವು. ಇನ್ನೂ ತೇವವಿದ್ದ ಆ ಎಳೆಗೆ ಗೋಧಿಯ ಹಾಲಿನ ರುಚಿ, ಬಿಸಿಲಿನ ರುಚಿ, ಸಿಕ್ಕಿಬಿದ್ದರೆ ಬೆನ್ನಿಗೆ ಬೀಳುವ ಗುದ್ದಿನ ರುಚಿ ಮೂರೂ ಇರುತ್ತಿದ್ದವು. ಒಣಗಿದ ಶಾವಿಗೆ ವರ್ಷವಿಡೀ ಡಬ್ಬಿಯಲ್ಲಿ. ಬೀಗರು ಬಂದರೆ, ಹಬ್ಬ ಬಂದರೆ, ಕುದಿಸಿ, ಬಸಿದು, ಮೇಲೆ ಬೀಸಿದ ಸಕ್ಕರೆ, ಕಾಯಿಸಿದ ತುಪ್ಪ. ಬೇಕಾದವರಿಗೆ ಹಾಲು. ಇದರಲ್ಲಿ ಹೀಗೂ ಮಾಡಬಹುದು ಹಾಗೂ ಮಾಡಬಹುದು ಎಂಬುದಿಲ್ಲ. ಬಸಿದ ಶಾವಿಗೆಯ ಮೇಲೆ ಸಕ್ಕರೆ ಬೀಳುವುದು ಮುಂಜಾನೆ ಸೂರ್ಯ ಹುಟ್ಟಿದಷ್ಟೇ ಖಾತ್ರಿಯ ಸಂಗತಿ. ಈ ವಾಕ್ಯವನ್ನು ನಾನು ಸುಮ್ಮನೆ ಬರೆದಿಲ್ಲ.

ರವಿವಾರ. ಅಪ್ಪ ಪಡಸಾಲೆಯಲ್ಲಿ ಕುಳಿತೇ ನಿಯಮಗಳನ್ನು ಸಾರಿದರು. ಅವ್ವ ಒಲೆಯ ಮುಂದೆ ಕೂಡಬಹುದು, ಕಟ್ಟಿಗೆ ಹಾಕಬಹುದು, ಬೋಗುಣಿ ಮುಟ್ಟಬಾರದು. ಅವ್ವ ಸೆರಗು ಬಿಗಿದು ಒಲೆಯ ಮುಂದೆ ಕುಳಿತಳು. ಅವಳ ಕೈ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೇ ತಿಳಿಯಲೊಲ್ಲದು. ತೊಡೆಯ ಮೇಲೆ ಇಟ್ಟು ನೋಡಿದಳು, ಮೊಳಕಾಲ ಸುತ್ತ ಕಟ್ಟಿ ನೋಡಿದಳು, ಕೊನೆಗೆ ಎರಡನ್ನೂ ಸೆರಗಿನೊಳಗೆ ಅಡಗಿಸಿದಳು.

ಚೀನಾದ ಅಡಿಗೆಗೆ ಉರಿ ದೊಡ್ಡದಿರಬೇಕೆಂದು ಮಹಾದೇವಿ ಹೇಳಿದ್ದಳು. ಗ್ಯಾಸು ನಮ್ಮಲ್ಲಿರಲಿಲ್ಲ, ಒಣಗಿದ ತೊಗರಿ ಕಟ್ಟಿಗೆ ಬೇಕಾದಷ್ಟಿತ್ತು. ತೊಗರಿ ಕಟ್ಟಿಗೆಯ ಉರಿ ನಮ್ಮ ಕಡೆಯ ಜನರ ಸಿಟ್ಟಿನಂಥದು, ಒಮ್ಮೆಲೇ ಛಾವಣಿಗೆ ಹೋಗುತ್ತದೆ, ಒಮ್ಮೆಲೇ ಇಳಿಯುತ್ತದೆ. ಅವ್ವ ಹದ ನೋಡಿ ಅದನ್ನು ಒಂದೇ ಎತ್ತರದಲ್ಲಿ ನಿಲ್ಲಿಸಿದಳು. ನನ್ನ ಪಾಲಿಗೆ ಉಳ್ಳಾಗಡ್ಡಿ ಕೊಯ್ಯುವುದು ಬಂದಿತ್ತು. ಪರೀಕ್ಷೆಯ ಗಾಂಭೀರ್ಯಕ್ಕೆ ತಕ್ಕಂತೆ ಕಣ್ಣೀರು ಸುರಿಸುತ್ತ ಕುಳಿತಿದ್ದೆ.

ಮಹಾದೇವಿ ಶಾವಿಗೆ ಕುದಿಸಿ, ಬುಟ್ಟಿಗೆ ಬಸಿದು, ಗಾಳಿಗಿಟ್ಟಳು. ಎಳೆ ಬಿಡಿಬಿಡಿಯಾಗಿ, ಬೆಳ್ಳಗೆ, ಹೊಗೆಯಾಡುತ್ತ ಇತ್ತು. ಕ್ಯಾಬೇಜಿನಲ್ಲಿ ಹುಳ ಇರುತ್ತದೆಂದು ಅವಳು ಅದನ್ನು ಉಪ್ಪುನೀರಿನಲ್ಲಿ ತೊಳೆಯಲು ಹಿತ್ತಲಿಗೆ ಹೋದಳು.

ಆಗ ನಡೆದದ್ದು ಇಷ್ಟು. ಅವ್ವನ ಬಲಗೈ ಸೆರಗಿನಿಂದ ಹೊರಗೆ ಬಂತು. ಹಿಂದೆ ಗೋಡೆಯ ಗೂಡಿನಲ್ಲಿದ್ದ ಸಕ್ಕರೆಯ ಡಬ್ಬಿಗೆ ಹೋಯಿತು. ಅವ್ವ ತಿರುಗಿ ನೋಡಲೂ ಇಲ್ಲ, ಕಣ್ಣು ಉರಿಯ ಮೇಲೆಯೇ ಇತ್ತು. ಕೈ ಮುಷ್ಟಿ ತುಂಬಿಕೊಂಡು ಬುಟ್ಟಿಯ ಮೇಲೆ ದುಂಡಗೆ ಸುತ್ತಿತು. ಬೀಸಿದ ಸಕ್ಕರೆ ಬಿಸಿ ಶಾವಿಗೆಗೆ ತಾಗಿ ಕಾಣದಂತಾಯಿತು. ಬಳಿಕ ತುಪ್ಪದ ಗಿಂಡಿ ಬಗ್ಗಿತು, ಎದ್ದಿತು, ಜಾಗಕ್ಕೆ ಹೋಯಿತು. ಕೈ ಮರಳಿ ಸೆರಗಿನೊಳಗೆ ಸೇರಿತು.

ಇದನ್ನೆಲ್ಲ ನಾನು ಎರಡು ಮೊಳ ದೂರದಲ್ಲಿ ಕುಳಿತು ಸ್ಪಷ್ಟವಾಗಿ ನೋಡಿದೆ. ನನಗೆ ಏನೂ ಅನಿಸಲಿಲ್ಲ. ಶಾವಿಗೆ ಬಸಿದ ಮೇಲೆ ಸಕ್ಕರೆ ಬೀಳಬೇಕು, ಬಿತ್ತು. ಬೀಳದಿದ್ದರೆ ನಾನೇ ಕೇಳುತ್ತಿದ್ದೆನೋ ಏನೋ. ಪ್ರತ್ಯಕ್ಷ ಸಾಕ್ಷಿಗಿಂತ ಬೇರೆ ಪ್ರಮಾಣವಿಲ್ಲ ಎಂದು ನ್ಯಾಯಾಲಯಗಳು ನಂಬಿರುವುದರ ಬಗ್ಗೆ ನನಗೆ ಅಂದಿನಿಂದ ಗುಮಾನಿ.

ಮಹಾದೇವಿ ಬಂದಳು. ಕಡಾಯಿ ಕಾಯಿತು, ಎಣ್ಣೆ ಹೊಗೆಯಾಡಿತು, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಗಜ್ಜರಿ, ಕ್ಯಾಬೇಜು, ಡಬ್ಬು ಮೆಣಸಿನಕಾಯಿ ಒಂದರ ಹಿಂದೊಂದು ಬಿದ್ದವು. ಕೊನೆಗೆ ಶಾವಿಗೆ. ಅದರ ಮೇಲೆ ಕಪ್ಪು ಸಾಸು, ಶಿರ್ಕಾ, ಮೆಣಸಿನ ಪುಡಿ. ಸೋಲಾಪುರದಲ್ಲಿ ಕಲಿತಂತೆ ಕಡಾಯಿಯನ್ನು ಎತ್ತಿ ಒಮ್ಮೆ ಮೇಲಕ್ಕೆ ಹಾರಿಸಿದಳು ಕೂಡ. ಹೆಚ್ಚಿನ ಪಾಲು ಮರಳಿ ಕಡಾಯಿಗೇ ಬಿತ್ತು. ಆದರೆ ಎಳೆಗಳು ಯಾಕೋ ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. ತಳದಲ್ಲಿ ಪಾಕ ಹಿಡಿದ ವಾಸನೆ ಎದ್ದಿತು. ನಮ್ಮ ಶಾವಿಗೆ ಭಾಳ ಸಣ್ಣದು, ಅದಕ್ಕೇ ಹೀಗೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಒಂದು ಎಳೆ ಬಾಯಿಗಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಲಿಂಗಕ್ಕೆ ತೋರಿಸುವ ಮೊದಲು ಅಡಿಗೆಯ ರುಚಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಮೂವರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಪದಾರ್ಥ ಅಪ್ಪನ ತಾಟಿಗೆ ಬಂದು ಬಿತ್ತು.

ಅಪ್ಪ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಕುಳಿತಿದ್ದರು. ತಾಟಿನಲ್ಲಿ ಬಡಿಸಿದ್ದು ನಮ್ಮಲ್ಲಿ ಪ್ರಸಾದ. ಅದು ಹೇಗೇ ಇರಲಿ, ಒಂದು ಅಗಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದೇ ಏಳಬೇಕು. ಈ ನೇಮವನ್ನು ಮಾಡಿದ ಹಿರಿಯರ ಕಣ್ಣ ಮುಂದೆ ಸೋಯಾ ಸಾಸ್ ಇರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಅಪ್ಪ ತಾಟು ನೋಡಿದರು. ಕಪ್ಪು ಎರೆಭೂಮಿಯ ಮೇಲೆ ಮಳೆ ಬಂದು ನಿಂತ ಮೇಲೆ ಕಾಣುವ ಬಣ್ಣ. ಒಂದು ತುತ್ತು ಎತ್ತಲು ಹೋದರು, ತಾಟಿನಲ್ಲಿದ್ದ ಎಲ್ಲವೂ ಒಟ್ಟಿಗೆ ಎದ್ದು ಬಂತು. ಎಡಗೈಯಿಂದ ತಾಟು ಒತ್ತಿ ಹಿಡಿದು, ಬಲಗೈಯಿಂದ ಹರಿದು, ಬಾಯಿಗಿಟ್ಟರು. ಅಗಿದರು. ಬಹಳ ಹೊತ್ತು ಅಗಿದರು. ನಾನೂ ಮಹಾದೇವಿಯೂ ಎದುರಿಗೆ ಕುಳಿತು ನಮ್ಮ ನಮ್ಮ ತುತ್ತು ಬಾಯಿಗಿಟ್ಟೆವು.

ಮೊದಲು ಹುಳಿ ಬಂತು. ಅದರ ಬೆನ್ನಿಗೆ ಖಾರ. ಇವೆರಡೂ ಸರಿ ಹೋದವು ಅನ್ನುವಾಗ ಹಬ್ಬದ ದಿನದ ಘಮದೊಂದಿಗೆ ತುಪ್ಪ ಬಂತು, ತುಪ್ಪದ ಕೈ ಹಿಡಿದುಕೊಂಡು ಸಕ್ಕರೆ ಬಂತು. ಡಬ್ಬು ಮೆಣಸಿನಕಾಯಿಯ ಮದುವೆಗೆ ಹೋಳಿಗೆಯವರ ದಿಬ್ಬಣ ಬಂದಂತೆ. ಆಗ ನನಗೆ ಅಡಿಗೆಮನೆಯಲ್ಲಿ ಕಂಡದ್ದೆಲ್ಲ ಅರ್ಥಸಹಿತ ನೆನಪಾಯಿತು. ಮಹಾದೇವಿ ಅಡಿಗೆಮನೆಯ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅವ್ವ ಇವಳ ಮುಖ ನೋಡಿದಳು, ತನ್ನ ಬಲಗೈ ನೋಡಿಕೊಂಡಳು.

"ಇದರಾಗ ಸಕ್ರಿ ಅದ," ಎಂದರು ಅಪ್ಪ.

ಮಹಾದೇವಿ ತಲೆ ತಗ್ಗಿಸಿಕೊಂಡು, "ಚೀನಾದವರು ಜರಾ ಹಾಕ್ತಾರ್ರಿ ಅಪ್ಪಾ," ಎಂದಳು. ಹುಡುಗಿ ಗಟ್ಟಿಗಿತ್ತಿ. ಹದಿನೇಳರ ವಯಸ್ಸಿನಲ್ಲಿ ತನ್ನ ಇಡೀ ಭವಿಷ್ಯ ತಾಟಿನಲ್ಲಿ ಅಂಟಿಕೊಂಡು ಕೂತಿರುವಾಗ ಅವ್ವನನ್ನು ಮರೆಮಾಡಿ ನಿಲ್ಲುವುದು ಸಣ್ಣ ಮಾತಲ್ಲ.

ಅಪ್ಪ ಇನ್ನೊಂದು ತುತ್ತು ಹರಿದರು. "ತುಪ್ಪಾನೂ ಹಾಕ್ತಾರೇನು? ನಮ್ಮ ಕೆಂದ ಆಕಳದ್ದು?"

ಚೀನಾದ ಪರವಾಗಿ ಮಾತಾಡಿದವಳು ತಾಟಿನಲ್ಲಿದ್ದ ಗಜ್ಜರಿಯ ಚೂರು ಎಣಿಸತೊಡಗಿದಳು. ಷರತ್ತು ಏನು? ಅವ್ವನಿಗೆ ಬರಲಾರದ ಅಡಿಗೆ, ಅವ್ವನ ಕೈ ಹತ್ತಬಾರದು. ಈಗ ಅಪ್ಪನ ಬಾಯಲ್ಲಿ ಇದ್ದದ್ದರಲ್ಲಿ ಅವ್ವನ ಕೈಯೊಂದನ್ನು ಬಿಟ್ಟು ಬೇರೇನೂ ಗುರುತು ಸಿಗುವಂತಿರಲಿಲ್ಲ. ಗುಲಬರ್ಗಾ ಎಂಬ ಊರು ನಕಾಶೆಯಿಂದ ಮೆಲ್ಲಗೆ ಅಳಿಸಿ ಹೋಗುತ್ತಿರುವುದು ನನಗೆ ಕಾಣುತ್ತಿತ್ತು.

ಆಗ ಅವ್ವ ಬಾಗಿಲು ದಾಟಿ ಬಂದಳು. ಅಪ್ಪ ಊಟಕ್ಕೆ ಕುಳಿತಾಗ ಅವಳು ಬಡಿಸಲು ಬರುತ್ತಿದ್ದಳೇ ಹೊರತು ಮಾತಾಡಲು ಬರುತ್ತಿರಲಿಲ್ಲ. ಅಂದು ಬಡಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

"ಆ ಸಕ್ರಿ ನಂದ್ರಿ," ಎಂದಳು. "ಅಕಿದು ತಪ್ಪಿಲ್ಲ. ಬಸಿದ ಶ್ಯಾವಿಗಿ ಕಂಡಕೂಡ್ಲೇ ಕೈ ತಾನಾಗೇ ಹೋಗ್ಯಾದ, ನನಗ ಖಬರಿಲ್ಲ. ಈ ಮನಿಗೆ ಬಂದಾಗ ಏನ್ ಕಲ್ತೀನೋ ಅಷ್ಟ. ಆಮ್ಯಾಲ ನನಗ ಯಾರೂ ಏನೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಈ ಕೈಗೆ ಬ್ಯಾರೆ ಹಾದಿ ಗೊತ್ತಿಲ್ರಿ." ಸಣ್ಣ ದನಿಯಲ್ಲಿ, "ಅಕಿ ಕೈ ಹಿಂಗಾಗೋದು ಬ್ಯಾಡ," ಎಂದಳು.

ಅಷ್ಟು ಮಾತನ್ನು ಅವ್ವ ಒಂದೇ ಉಸಿರಿಗೆ ಅಪ್ಪನ ಎದುರು ಆಡಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಅವರ ಅಗಿಯುವ ಬಾಯಿ ನಿಂತಿತು. ಅವ್ವನ ಮುಖ ನೋಡಿದರು. ಆಮೇಲೆ ಅವಳ ಕೈ ನೋಡಿದರು. ಅವ್ವ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಪ್ಪ ಮತ್ತೆ ತಾಟಿಗೆ ಬಾಗಿದರು. ತಾಟಿನಲ್ಲಿ ಇನ್ನೂ ಒಳ್ಳೆಯ ಗುಡ್ಡವಿತ್ತು. ಅವರು ಅದನ್ನು ಅವಸರವಿಲ್ಲದೆ, ಮುಖ ಕಿವುಚದೆ, ಹರಿದು ಹರಿದು ತಿಂದರು. ನಾವು ಮೂವರೂ ಆ ಗುಡ್ಡ ಸವೆಯುವುದನ್ನು ನೋಡಿದೆವು. ಚೀನಾದ ಗೋಡೆಯನ್ನು ಕಟ್ಟುವುದಕ್ಕೂ ಅಷ್ಟು ಹೊತ್ತು ಹಿಡಿದಿರಲಾರದು. ಕೊನೆಯ ಎಳೆ ಮುಗಿಯಿತು. ತಾಟಿಗೆ ನೀರು ಸುರಿದುಕೊಂಡರು, ಬೆರಳಿಂದ ಅಂಚಿನವರೆಗೆ ತೊಳೆದರು. ನೀರು ಕಾಡಿಗೆಯಂತಾಯಿತು. ಅದನ್ನೂ ಎತ್ತಿ ಕುಡಿದರು. ಶಿವಾ ಎಂದರು. ಎದ್ದು ನಿಂತು, ಟೋಪಿಗೆ ಕೈ ಹಾಕಿ, ಯಾರ ಮುಖವನ್ನೂ ನೋಡದೆ ಹೇಳಿದರು:

"ಹಾಸ್ಟೆಲ್‌ನ್ಯಾಗ ಇದನ್ನ ಮಾಡಬ್ಯಾಡ. ಅಲ್ಲಿ ಮಂದಿ ಮಕ್ಕಳಿರ್ತಾರ."

ಚಪ್ಪಲಿಯ ಸದ್ದು ಅಂಗಳ ದಾಟಿ, ಹಾದಿಗೆ ಇಳಿದು, ಅಂಗಡಿಯ ಕಡೆಗೆ ಹೋಯಿತು. ರವಿವಾರ ಅಂಗಡಿ ಮುಚ್ಚಿರುತ್ತದೆ ಎಂಬುದು ಅವರಿಗೂ ನೆನಪಿರಲಿಲ್ಲ, ನಮಗೂ ನೆನಪಾಗಲಿಲ್ಲ.

ಮಹಾದೇವಿ ತುತ್ತು ಹಿಡಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದಳು. ನಾನು ಮಾಸ್ತರನಾದ್ದರಿಂದ ವಾಕ್ಯದ ತಾತ್ಪರ್ಯ ಹೇಳುವುದು ನನ್ನ ಧರ್ಮ. ಆದರೆ ನನಗಿಂತ ಮೊದಲು ಅವ್ವನಿಗೆ ತಿಳಿದಿತ್ತು. ಅವಳು ಗೋಡೆಗೆ ಆತು, ಮೆಲ್ಲಗೆ ಜಾರಿ, ನೆಲದ ಮೇಲೆ ಕಾಲು ಚಾಚಿ ಕುಳಿತುಬಿಟ್ಟಳು. ಅಪ್ಪ ಮನೆಯಲ್ಲಿರಲಿ ಬಿಡಲಿ, ಅವಳು ಪಡಸಾಲೆಯಲ್ಲಿ ಹಾಗೆ ಕುಳಿತದ್ದು ಇಲ್ಲ.

"ಹಂಗಾರ ಒಂದು ಕೌದಿ ಹೊಲೀಬೇಕಾತು," ಎಂದಳು. "ಗುಲಬರ್ಗಾದಾಗ ಥಂಡಿ ಹೆಂಗೋ ಏನೋ."

ಆಗ ಮಹಾದೇವಿಗೆ ಅಳು ಬಂತು. ಅಳುತ್ತಲೇ ನಕ್ಕಳು. ಬಾಯಲ್ಲಿ ಶಾವಿಗೆ ಇದ್ದುದರಿಂದ ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟವಾಗಿ ಕೆಮ್ಮಿದಳು. ನಾನು ಅವಳ ಬೆನ್ನು ತಟ್ಟಿದೆ. ಹಸಿವೆ ಎಂಬುದು ಅಷ್ಟು ಹೊತ್ತು ಎಲ್ಲಿತ್ತೋ, ಒಮ್ಮೆಲೇ ಬಂತು. ನನ್ನ ತಾಟಿನಲ್ಲಿದ್ದುದನ್ನು ಪೂರ್ತಿ ತಿಂದೆ. ಪ್ರಸಾದವೆಂದಲ್ಲ, ಹಸಿವೆಯಿಂದಲೇ ತಿಂದೆ. ಹುಳಿ, ಖಾರ, ಸಿಹಿ, ತುಪ್ಪ ಇವೆಲ್ಲ ಒಂದೇ ತಾಟಿನಲ್ಲಿ ಜಗಳವಾಡದೆ ಇರಬಲ್ಲವು ಎಂದು ಆ ಮಧ್ಯಾಹ್ನ ನನಗೆ ಅನಿಸಿದ್ದು ನಿಜ. ಬೇರೆ ಯಾವ ದಿನವೂ ಹಾಗೆ ಅನಿಸುವ ಸಂಭವವಿಲ್ಲ.

ಮಹಾದೇವಿ ಕಣ್ಣು ಒರೆಸಿಕೊಂಡು ಎದ್ದಳು. ಒಂದು ತಾಟು ತಂದು, ಕಡಾಯಿಯ ತಳದಲ್ಲಿ ಉಳಿದದ್ದನ್ನು ಕೆರೆದು ಬಡಿಸಿ, ಅವ್ವನ ಮುಂದೆ ಇಟ್ಟಳು. ನಮ್ಮ ಮನೆಯಲ್ಲಿ ಅವ್ವ ಕುಳಿತು, ಇನ್ನೊಬ್ಬರು ಬಡಿಸಿದ್ದು ಅದೇ ಮೊದಲು. ಅವ್ವ ಬೇಡ ಎನ್ನಲಿಲ್ಲ. ಎದೆಯ ಮೇಲಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಚೀನಾದ ಅಡಿಗೆಯ ಒಂದು ತುತ್ತನ್ನು ತನ್ನ ಜೀವಮಾನದಲ್ಲಿ ಮೊದಲ ಸಲ ಬಾಯಿಗಿಟ್ಟಳು. ಕಣ್ಣು ಮುಚ್ಚಿ, ಪರೀಕ್ಷಕರ ಗಾಂಭೀರ್ಯದಿಂದ ನಿಧಾನವಾಗಿ ಅಗಿದಳು. ಮಗಳು ಎದುರಿಗೆ ಕುಳಿತು, ಹೆಂಗಾಗ್ಯಾದ ಎಂದು ಕಣ್ಣಿನಲ್ಲಿಯೇ ಕೇಳಿದಳು.

ಅವ್ವ ನುಂಗಿ, ತುಸು ಯೋಚಿಸಿ, "ಛಲೋ ಆಗ್ಯಾದ ಯವ್ವಾ," ಎಂದಳು. "ಸಕ್ರಿ ಜರಾ ಕಮ್ಮಿ ಬಿದ್ದದ."